ಕೀ ತಿರುಗಿಸಿದ್ರೆ ಒಂದೇ ಟಕ್: ಸೆಲ್ಫ್ ಮೋಟಾರ್ (ಸ್ಟಾರ್ಟರ್) ಮನೇಲೇ ಬದಲಾಯಿಸಬಹುದಾ?

ಆಲ್ದೂರು_ಹ್ಯಾಚ್
ಎಲ್ರಿಗೂ ನಮಸ್ಕಾರ. 2011ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್, ಮ್ಯಾನ್ಯುಯಲ್ ಗೇರ್, 35 ಎಎಚ್ ಬ್ಯಾಟರಿ. ಕೀ ತಿರುಗಿಸಿದ್ರೆ ಬಾನೆಟ್ ಒಳಗಿಂದ ಗಟ್ಟಿಯಾಗಿ ಒಂದೇ ಸಲ "ಟಕ್" ಅನ್ನುತ್ತೆ, ಅಷ್ಟೇ. ಹೆಡ್‌ಲೈಟ್ ಚೆನ್ನಾಗಿದೆ, ಹಾರನ್ ಜೋರಾಗಿದೆ. ಇಳಿಜಾರಲ್ಲಿ ಎರಡನೇ ಗೇರ್ ಹಾಕಿ ಕ್ಲಚ್ ಬಿಟ್ರೆ ತಕ್ಷಣ ಸ್ಟಾರ್ಟ್ ಆಗುತ್ತೆ. ಸ್ಪ್ಯಾನರ್ ಸೆಟ್, ಮಲ್ಟಿಮೀಟರ್, ಜಾಕ್ ಇದೆ. ಗಾಡಿ ಕಾಂಕ್ರೀಟ್ ಕಾಫಿ ಕಣದಲ್ಲಿ ಸಮತಟ್ಟಾಗಿ ನಿಂತಿದೆ. ಹೊಸ ಸೆಲ್ಫ್ ತರಿಸಿ ನಾನೇ ಕೂರಿಸೋಣ ಅಂತಿದೀನಿ. ಕ್ರಮ ಹೇಳ್ತೀರಾ?

ಬಿಎಂರೋಡ್_ವೈರಿಂಗ್
ತರಿಸ್ಬೇಡಿ ಸರ್, ಈಗಲೇ ಬೇಡ. ಮೊದಲು ಶಬ್ದ ಕೇಳಿ. ಒಂದೇ ಗಟ್ಟಿ ಟಕ್ ಅಂದ್ರೆ ಸೊಲೆನಾಯ್ಡ್ (ಸ್ಟಾರ್ಟರ್ ಮೇಲಿನ ವಿದ್ಯುತ್ಕಾಂತದ ಸ್ವಿಚ್) ಎಳೀತಿದೆ, ಮೋಟಾರ್ ತಿರುಗ್ತಿಲ್ಲ. ಟಕಟಕಟಕ ಅಂತ ಬಡ್ಕೊಂಡ್ರೆ ಬ್ಯಾಟರಿ ಇಳಿದಿದೆ ಇಲ್ಲ ಟರ್ಮಿನಲ್ ಸಡಿಲ. ಮೋಟಾರ್ ಕರೆಂಟ್ ಎಳೆದ ತಕ್ಷಣ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಬಿಟ್ಬಿಡುತ್ತೆ, ಬಿಟ್ಟ ಮೇಲೆ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತೆ. "ಝುಂಯ್" ಅಂತ ಮೋಟಾರ್ ಮಾತ್ರ ಸುತ್ತಿ ಎಂಜಿನ್ ಸುಮ್ಮನಿದ್ರೆ ಬೆಂಡಿಕ್ಸ್ (ಮುಂದೆ ಬಂದು ಎಂಜಿನ್ನಿನ ಹಲ್ಲಿಗೆ ಕಚ್ಚೋ ಗೇರ್) ಹೋಗಿದೆ. ಏನೂ ಶಬ್ದ ಇಲ್ಲ ಅಂದ್ರೆ ಸಣ್ಣ ವೈರ್, ಇಗ್ನಿಷನ್ ಸ್ವಿಚ್ ಅಥವಾ ರಿಲೇ ನೋಡಬೇಕು. ಆಗ ಸ್ಟಾರ್ಟರ್ ಬಿಚ್ಚೋದೇ ದಂಡ.

ಮೂಡಿಗೆರೆ_ಜೀಪ್
ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಬ್ರು ಕೀ ಹಿಡ್ಕೊಳ್ಳಿ, ಇನ್ನೊಬ್ರು ಸುತ್ತಿಗೆ ಹಿಡಿಕೇಲಿ ಸೆಲ್ಫ್ ಮೈಮೇಲೆ ಎರಡು ತಟ್ಟಿ. ತಿರುಗಿತು ಅಂದ್ರೆ ಕಾರ್ಬನ್ ಬ್ರಷ್ (ಮೋಟಾರಿನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು) ಸವೆದಿದೆ.

ಅಳತೆ_ಮೊದಲು
ಹಳೇ ಜೀಪಿಗೆ ಸರಿ, ಈ ಕಾರಿಗೆ ಬೇಡ. ಜೀಪಿನ ಸ್ಟಾರ್ಟರ್ ಒಳಗೆ ಫೀಲ್ಡ್ ಕಾಯಿಲ್ (ಮ್ಯಾಗ್ನೆಟ್ ಬದಲು ತಂತಿ ಸುರುಳಿ) ಇರುತ್ತೆ, ಪೆಟ್ಟು ತಡ್ಕೊಳ್ಳುತ್ತೆ. ಈಗಿನ ಸಣ್ಣ ಪೆಟ್ರೋಲ್ ಕಾರುಗಳ ಸ್ಟಾರ್ಟರ್‌ನಲ್ಲಿ ಹೆಚ್ಚಾಗಿ ಫೆರೈಟ್ ಮ್ಯಾಗ್ನೆಟ್ ಇರುತ್ತೆ, ಹೊರಗಿನ ಉಕ್ಕಿನ ಕವಚದ ಒಳಮೈಗೇ ಅಂಟಿರುತ್ತೆ. ಹೊಡೆದ್ರೆ ಬಿರುಕು ಬಿಡುತ್ತೆ, ಚೂರು ಬಿದ್ರೆ ಆರ್ಮೇಚರ್ (ಮೋಟಾರ್ ಒಳಗೆ ತಿರುಗೋ ಭಾಗ) ಸಿಕ್ಕಾಕಿಕೊಳ್ಳುತ್ತೆ. ಬ್ರಷ್ ಹಾಕಿ ಸರಿ ಮಾಡಬಹುದಾದ ಸ್ಟಾರ್ಟರ್ ಗುಜರಿಗೆ ಹೋಗುತ್ತೆ.

ಮಲ್ಟಿಮೀಟರ್ ಇದೆಯಲ್ಲ, ಡಿಸಿ 20 ವೋಲ್ಟ್‌ಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ, ಎರಡೂ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೀರಿ, ಅಳೀತಿರುವಾಗ ಎಂಜಿನ್ ಹಠಾತ್ತನೆ ಸ್ಟಾರ್ಟ್ ಆದ್ರೆ ಫ್ಯಾನ್, ಬೆಲ್ಟ್ ಹತ್ರ ಕೈ ಇರುತ್ತೆ. ಇನ್ನೊಬ್ರು ಕೀ ತಿರುಗಿಸಿ 3-4 ಸೆಕೆಂಡ್ ಹಿಡೀಲಿ. ಆಗ ಐದು ಕಡೆ ಓದಿ:

ಬ್ಯಾಟರಿ ಎರಡು ಧ್ರುವಗಳ ನಡುವೆ. ಕೀ ಹಾಕೋ ಮುಂಚೆ 12.4ರಿಂದ 12.6 ಇರಬೇಕು, ಎಂಜಿನ್ ತಿರುಗುವಾಗ 9.6ಕ್ಕಿಂತ ಕೆಳಗೆ ಹೋಗಬಾರದು.
ಬ್ಯಾಟರಿ ಪಾಸಿಟಿವ್ ಧ್ರುವದಿಂದ ಸ್ಟಾರ್ಟರ್‌ನ ದಪ್ಪ ಕೇಬಲ್ ಬೋಲ್ಟಿಗೆ (ಬಿ ಟರ್ಮಿನಲ್). 0.5 ವೋಲ್ಟ್ ಒಳಗೆ.
ಬ್ಯಾಟರಿ ನೆಗೆಟಿವ್ ಧ್ರುವದಿಂದ ಸ್ಟಾರ್ಟರ್ ಮೈಗೆ. 0.2, ತೀರಾ ಅಂದ್ರೆ 0.3.
ಸಣ್ಣ ವೈರ್ ಬರೋ ಎಸ್ ಟರ್ಮಿನಲ್‌ನಿಂದ ಸ್ಟಾರ್ಟರ್ ಮೈಗೆ. ಹೆಚ್ಚು ಕಮ್ಮಿ ಬ್ಯಾಟರಿ ವೋಲ್ಟೇಜೇ ಬರಬೇಕು.
ಕೊನೇದು, ಸೊಲೆನಾಯ್ಡಿನಿಂದ ಮೋಟಾರ್ ಒಳಗೆ ಹೋಗೋ ಚಿಕ್ಕ ದಪ್ಪ ತಂತಿಯ ಎಂ ಟರ್ಮಿನಲ್‌ನಿಂದ ಸ್ಟಾರ್ಟರ್ ಮೈಗೆ. ನಿಮ್ಮ ಕೇಸಲ್ಲಿ ತೀರ್ಪು ಕೊಡೋದು ಇದೇ.

ಟರ್ಮಿನಲ್ ಕ್ಲಾಂಪಿಗೆ ಮೀಟರ್ ಮುಳ್ಳು ಚುಚ್ಚಬೇಡಿ, ಸೀಸದ ಧ್ರುವಕ್ಕೇ ಚುಚ್ಚಿ. ಇಲ್ಲಾಂದ್ರೆ ಕ್ಲಾಂಪ್ ಮತ್ತೆ ಧ್ರುವದ ನಡುವಿನ ದೋಷ ಲೆಕ್ಕಕ್ಕೇ ಬರಲ್ಲ.

ಕಳಸ_ರಸ್ತೆ
ಓಮ್ಸ್‌ಗೆ ಇಟ್ಟು ಕೇಬಲ್ ನೋಡಿದ್ರೆ ಸಾಕಲ್ವಾ? ಬೀಪ್ ಬಂದ್ರೆ ಕೇಬಲ್ ಸರಿ.

ಅಳತೆ_ಮೊದಲು
ಸಾಲದು. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸೋಕೂ ನೂರು ಆಂಪಿಯರ್ ಆಸುಪಾಸು ಬೇಕು. ಕೇಬಲ್‌ನಲ್ಲಿ 0.01 ಓಮ್ ಹೆಚ್ಚಾದ್ರೆ ಅಲ್ಲೇ ಒಂದು ವೋಲ್ಟ್ ಹೋಯ್ತು. ಸಾಮಾನ್ಯ ಮೀಟರ್ 0.01 ಓಮ್ ತೋರಿಸೋದೇ ಇಲ್ಲ. ಕೇಬಲ್‌ನ ಹತ್ತು ಎಳೇಲಿ ಒಂದೇ ಎಳೆ ಉಳಿದಿದ್ರೂ ಬೀಪ್ ಬರುತ್ತೆ.

ಘಾಟಿ_ಡೀಸೆಲ್
ಎಲ್ಲಕ್ಕಿಂತ ಮುಂಚೆ ಎಂಜಿನ್ ಜಾಮ್ ಆಗಿಲ್ಲ ಅಂತ ನೋಡಿ. ಮಳೇಲಿ ಹಳ್ಳ ದಾಟಿದ ಗಾಡಿ ಏರ್ ಫಿಲ್ಟರ್‌ನಿಂದ ನೀರು ಕುಡಿದ್ರೂ ಇದೇ ಟಕ್. ಅಂಥಾ ಕಡೆ ಸೆಲ್ಫ್ ಹೊಡೀತಾ ಹೋದ್ರೆ, ತಳ್ಳಿ ಸ್ಟಾರ್ಟ್ ಮಾಡಿದ್ರೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕ್ ಪುಲ್ಲಿ ಬೋಲ್ಟನ್ನ ಎಂಜಿನ್ ತಿರುಗೋ ದಿಕ್ಕಲ್ಲೇ ಕೈಯಲ್ಲಿ ಎರಡು ಸುತ್ತು ತಿರುಗಿಸಬೇಕು.

ಬಿಎಂರೋಡ್_ವೈರಿಂಗ್
ಮಾತು ಸರಿ, ಆದ್ರೆ ಇವರ ಗಾಡಿ ಇಳಿಜಾರಲ್ಲಿ ಸ್ಟಾರ್ಟ್ ಆಗ್ತಿದೆಯಲ್ಲ ಅಣ್ಣ. ಜಾಮ್ ಆಗಿದ್ರೆ ಚಕ್ರ ಎಳ್ಕೊಂಡು ನಿಲ್ತಿತ್ತು.

ಆಲ್ದೂರು_ಹ್ಯಾಚ್
ಅಳೆದೆ. ಬ್ಯಾಟರಿ ಸುಮ್ಮನಿದ್ದಾಗ 12.5. ಕೀ ಹಿಡಿದಾಗ 12.2. ಪಾಸಿಟಿವ್ ಕಡೆ 0.03, ನೆಗೆಟಿವ್ ಕಡೆ 0.04. ಎಸ್‌ನಲ್ಲಿ 11.6. ಎಂ ಟರ್ಮಿನಲ್‌ನಲ್ಲಿ 12.0. ಅರ್ತ್ (ನೆಗೆಟಿವ್ ಕಡೆಯ ದಾರಿ) ಚೆನ್ನಾಗಿದೆ ಅಂತ ಅರ್ಥ ಅಲ್ವಾ?

ಬಿಎಂರೋಡ್_ವೈರಿಂಗ್
ಇಲ್ಲ ಇಲ್ಲ. ಬ್ಯಾಟರಿ 12.5ರಿಂದ 12.2ಕ್ಕೆ ಮಾತ್ರ ಇಳಿದಿದೆ ಅಂದ್ರೆ ಮೋಟಾರ್ ಕರೆಂಟ್ ಎಳೀತಾನೇ ಇಲ್ಲ. ಕರೆಂಟ್ ಹರೀದೆ ಇದ್ದಾಗ ಕೇಬಲ್ ಪರೀಕ್ಷೆಗೆ ಬೆಲೆನೇ ಇಲ್ಲ. ಈ 0.04 ಸುಳ್ಳು ಸಮಾಧಾನ.

ಅಳತೆ_ಮೊದಲು
ಅರ್ಧ ಒಪ್ತೀನಿ. ಬ್ಯಾಟರಿ, ಕೇಬಲ್, ಸೊಲೆನಾಯ್ಡ್, ಮೋಟಾರ್, ಅರ್ತ್ ಎಲ್ಲ ಒಂದರ ಹಿಂದೆ ಒಂದು ಸಾಲಾಗಿವೆ. ಸಾಲಲ್ಲಿ ಎಲ್ಲಿ ದಾರಿ ಕಟ್ಟಿದೆಯೋ ಅಲ್ಲೇ 12 ವೋಲ್ಟೂ ಕಾಣಿಸಬೇಕು. ಅರ್ತ್ ಪೂರ್ತಿ ಕಿತ್ತಿದ್ರೆ ನೆಗೆಟಿವ್ ಕಡೆ ಅಳೆದಾಗ 12 ಬರ್ತಿತ್ತು. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದ್ರೆ ಎಂ ಟರ್ಮಿನಲ್‌ನಲ್ಲಿ ಸೊನ್ನೆ ಬರ್ತಿತ್ತು. ಎಂ ತನಕ 12 ಬಂದು ಮೋಟಾರ್ ತಿರುಗ್ತಿಲ್ಲ, ಕರೆಂಟೂ ಇಲ್ಲ. ಅಂದ್ರೆ ದಾರಿ ಕಟ್ಟಿರೋದು ಮೋಟಾರ್ ಒಳಗೇ: ಬ್ರಷ್ ಸವೆದು ಕಮ್ಯುಟೇಟರ್ (ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳು) ಮುಟ್ತಿಲ್ಲ, ಅಥವಾ ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿದೆ. ಸ್ಟಾರ್ಟರ್ ಬಿಚ್ಚೋಕೆ ಈಗ ಕಾರಣ ಸಿಕ್ತು.

ಇನ್ನರ್ಧ ನೀವು ಹೇಳಿದ್ದೇ. ಅರ್ತ್‌ನಲ್ಲಿ ಸಣ್ಣ ದೋಷ ಇದ್ರೆ ಈ ಓದಿನಲ್ಲಿ ಅಡಗಿ ಕೂತಿರುತ್ತೆ. ಮೋಟಾರ್ ಸರಿಯಾದ ಮೇಲೆ ನೆಗೆಟಿವ್ ಕಡೆ ಮತ್ತೆ ಅಳೀಲೇಬೇಕು.

ಮೂಡಿಗೆರೆ_ಜೀಪ್
ಸರಿ, ಈಗ ಬಿಚ್ಚೋ ಕ್ರಮ ಯಾರಾದ್ರೂ ಬರೀರಿ, ಅವರು ಕಾಯ್ತಿದಾರೆ.

ಹಳೇಬೀಡು_ಗ್ಯಾರೇಜ್
ಬರೀತೀನಿ. ಬೇಕಾಗೋದು: 10, 12, 14 ನಂಬರ್ ರಿಂಗ್ ಸ್ಪ್ಯಾನರ್, ಅದೇ ಅಳತೆ ಸಾಕೆಟ್, ಒಂದಡಿ ಎಕ್ಸ್‌ಟೆನ್ಷನ್, ತಂತಿ ಬ್ರಷ್, ತುಕ್ಕು ಬಿಡಿಸೋ ಸ್ಪ್ರೇ. ಕೆಲವು ಗಾಡಿಗೆ 13 ಮತ್ತೆ 17 ಬೇಕಾಗಬಹುದು.

ಎಂಜಿನ್ ಪೂರ್ತಿ ತಣ್ಣಗಾಗಲಿ, ಎಷ್ಟೋ ಗಾಡೀಲಿ ಸೈಲೆನ್ಸರ್ ಪೈಪ್ ಪಕ್ಕದಲ್ಲೇ ಹೋಗುತ್ತೆ. ಮೊದಲ ಕೆಲಸ ಬ್ಯಾಟರಿ ನೆಗೆಟಿವ್ ಬಿಚ್ಚೋದು. ಬಿ ಟರ್ಮಿನಲ್‌ಗೆ ಬರೋ ಕೇಬಲ್ ನೇರ ಬ್ಯಾಟರಿಯಿಂದ ಬರುತ್ತೆ, ಕೀ ತೆಗೆದಿದ್ರೂ ಅದರಲ್ಲಿ ವಿದ್ಯುತ್ ಇರುತ್ತೆ, ಬಹಳಷ್ಟು ಗಾಡೀಲಿ ನಡುವೆ ಫ್ಯೂಸೂ ಇರಲ್ಲ. ಸ್ಪ್ಯಾನರ್ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಬಾಡಿಗೆ ತಾಗಿದ್ರೆ ಸ್ಪ್ಯಾನರೇ ಕೆಂಪಗಾಗುತ್ತೆ. ಬಿಚ್ಚಿದ ಕ್ಲಾಂಪಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಕಟ್ಟಿ.

ಸ್ಟಾರ್ಟರ್ ಎಲ್ಲಿದೆ ಅಂತ ಗೊತ್ತಾಗದಿದ್ರೆ ಬ್ಯಾಟರಿ ಪಾಸಿಟಿವ್‌ನ ದಪ್ಪ ಕೇಬಲ್ ಹಿಡ್ಕೊಂಡು ಹೋಗಿ. ಎಂಜಿನ್, ಗೇರ್‌ಬಾಕ್ಸ್ ಸೇರೋ ಜಾಗದಲ್ಲಿ ಅದು ಮುಗಿಯುತ್ತೆ. ಮೇಲಿಂದ ಕೈ ಹೋಗೋದಾದ್ರೆ ಏರ್ ಫಿಲ್ಟರ್ ಪೈಪ್, ಬ್ಯಾಟರಿ ತಟ್ಟೆ ತೆಗೆದ್ರೆ ಸಾಕು. ಕೆಳಗಿಂದಲೇ ಹೋಗಬೇಕು ಅಂದ್ರೆ ಜಾಕ್ ಮೇಲೆ ನಂಬಿಕೆ ಇಟ್ಟು ಗಾಡಿ ಕೆಳಗೆ ತಲೆ ಹಾಕಬೇಡಿ. ಎರಡು ಕಡೆ ಸ್ಟ್ಯಾಂಡ್ ಕೊಡಿ. ಸಿಮೆಂಟ್ ಇಟ್ಟಿಗೆ ಒಂದೇ ಏಟಿಗೆ ಒಡೆದುಹೋಗುತ್ತೆ, ಅದನ್ನ ಇಡಲೇಬೇಡಿ. ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಹೂತುಹೋಗುತ್ತೆ, ನಿಮಗೆ ಕಣ ಇರೋದು ಅನುಕೂಲ.

ಎಸ್ ಕನೆಕ್ಟರ್‌ನ ಲಾಕ್ ಒತ್ತಿ ಎಳೀರಿ, ವೈರ್ ಹಿಡಿದು ಎಳೀಬೇಡಿ. ಬಿ ಬೋಲ್ಟಿನ ರಬ್ಬರ್ ಟೋಪಿ ಸರಿಸಿ ನಟ್ ಬಿಚ್ಚಿ. ಇನ್ನು ಸ್ಟಾರ್ಟರ್ ಹಿಡಿದಿರೋ ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಮುಂದಿನ ಕವಚ) ಬೋಲ್ಟ್, ಸಾಮಾನ್ಯವಾಗಿ ಎರಡು, ಕೆಲವಕ್ಕೆ ಮೂರು. ಒಂದಕ್ಕೊಂದು ಉದ್ದ ಬೇರೆ ಇರಬಹುದು, ಯಾವುದು ಎಲ್ಲಿಂದ ಬಂತು ಗುರುತು ಮಾಡಿ. ಬಿಗಿಯಾಗಿದ್ರೆ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಹೌಸಿಂಗ್ ಅಲ್ಯೂಮಿನಿಯಂ, ಜಗ್ಗಾಡಿದ್ರೆ ಥ್ರೆಡ್ ಕಿತ್ತು ಬರುತ್ತೆ. ಕೊನೇ ಬೋಲ್ಟ್ ತೆಗೆಯುವಾಗ ಸ್ಟಾರ್ಟರ್‌ಗೆ ಕೈ ಕೊಟ್ಟಿರಿ, ಇಲ್ಲಾಂದ್ರೆ ಆ ಭಾರ ಮುಖದ ಮೇಲೆ ಬೀಳುತ್ತೆ.

ಕೂರಿಸುವಾಗ ಎಲ್ಲ ಹಿಂದುಮುಂದು, ನೆಗೆಟಿವ್ ಕೊನೆಗೆ. ಹೌಸಿಂಗ್‌ಗೆ ಕೂರೋ ಎರಡೂ ಮುಖಗಳನ್ನ ಲೋಹ ಹೊಳೆಯೋ ತನಕ ತಂತಿ ಬ್ರಷ್‌ನಲ್ಲಿ ಉಜ್ಜಿ. ಸ್ಟಾರ್ಟರ್‌ಗೆ ಅರ್ತ್ ಸಿಗೋದು ಆ ಮುಖದಿಂದಲೇ. ಪೇಂಟ್, ಗ್ಯಾಸ್ಕೆಟ್ ಅಂಟು ಅಲ್ಲಿ ಹಚ್ಚಬಾರದು. ಬೋಲ್ಟನ್ನ ಬೆರಳಲ್ಲೇ ನಾಲ್ಕು ಸುತ್ತು ಹಿಡಿಸಿ, ಆಮೇಲೆ ಸ್ಪ್ಯಾನರ್.

ಕಳಸ_ರಸ್ತೆ
ಬಿ ನಟ್ ಬಗ್ಗೆ ಒಂದು ಸೇರಿಸ್ತೀನಿ. ಆ ಬೋಲ್ಟ್ ತಾಮ್ರದ್ದು, ಬೇಕಲೈಟ್ ಮುಚ್ಚಳದಲ್ಲಿ ಕೂತಿರುತ್ತೆ. ಜೋರಾಗಿ ತಿರುಗಿಸಿದ್ರೆ ಬೋಲ್ಟೇ ಸುತ್ತಿ ಮುಚ್ಚಳ ಒಡೆಯುತ್ತೆ, ಒಳಗಿನ ಕಾಂಟ್ಯಾಕ್ಟ್ ಓರೆಯಾಗುತ್ತೆ. ಒಳಗಡೆ ಇನ್ನೊಂದು ನಟ್ ಇದ್ರೆ ಅದನ್ನ ಒಂದು ಸ್ಪ್ಯಾನರ್‌ನಲ್ಲಿ ಹಿಡಿದು ಹೊರಗಿಂದು ಬಿಗಿ ಮಾಡಿ. ಕೇಬಲ್ ಅಲ್ಲಾಡಬಾರದು, ಅಷ್ಟು ಬಿಗಿ ಸಾಕು.

ಎಸ್ಟೇಟ್_ಪಿಕಪ್
ಬಿಚ್ಚೋ ಮುಂಚೆ ಸ್ಕ್ರೂಡ್ರೈವರ್‌ನಲ್ಲಿ ಬಿ ಮತ್ತೆ ಎಸ್ ಶಾರ್ಟ್ ಮಾಡಿ ನೋಡಬಹುದಲ್ಲ?

ಅಳತೆ_ಮೊದಲು
ಎಸ್‌ನಲ್ಲಿ 11.6 ಬರ್ತಿರೋವಾಗ ಅದರಿಂದ ಹೊಸದಾಗಿ ಏನೂ ತಿಳಿಯಲ್ಲ. ಅಪಾಯ ಮಾತ್ರ ಇದೆ: ಗಾಡಿ ಗೇರ್‌ನಲ್ಲಿ ಮರೆತಿದ್ರೆ ಕೀ ಇಲ್ಲದೇನೂ ಮುಂದಕ್ಕೆ ಹಾರುತ್ತೆ, ಮುಂದೆ ನಿಂತವರ ಗತಿ ಏನು? ಚಾರ್ಜ್ ಆಗ್ತಿದ್ದ ಬ್ಯಾಟರಿ ಹತ್ರ ಕಿಡಿ ಹಾರಿಸೋದೂ ಒಳ್ಳೇದಲ್ಲ, ಅದರಿಂದ ಹೈಡ್ರೋಜನ್ ಬರುತ್ತೆ.

ಆಲ್ದೂರು_ಹ್ಯಾಚ್
ಬಿಚ್ಚಿ ಕೆಳಗಿಟ್ಟಿದೀನಿ. ಅಂಗಡೀಲಿ ಮೂರು ದಾರಿ ಹೇಳಿದ್ರು: ಬ್ರಷ್ ಸೆಟ್ ಮಾತ್ರ, ಹಳೇದು ಕೊಟ್ಟು ರಿಪೇರಿ ಮಾಡಿದ್ದು ತಗೊಳ್ಳೋದು, ಇಲ್ಲ ಹೊಸದು. ಯಾವುದು?

ಮೂಡಿಗೆರೆ_ಜೀಪ್
ಹೊಸದು ಹಾಕಿ ಮರೆತುಬಿಡಿ.

ಹಳೇಬೀಡು_ಗ್ಯಾರೇಜ್
ಒಪ್ಪಲ್ಲ. ಬ್ರಷ್ ಸೆಟ್‌ಗೆ ನೂರುಗಳ ಲೆಕ್ಕ, ಹೊಸದಕ್ಕೆ ಸಾವಿರಗಳ ಲೆಕ್ಕ. ಒಳಗೆ ನೋಡಿ ತೀರ್ಮಾನ ಮಾಡಿ. ಹಿಂದಿನ ಮುಚ್ಚಳದ ಉದ್ದ ಸ್ಕ್ರೂ ಎರಡು ತೆಗೆಯೋ ಮುಂಚೆ ಕವಚ, ಮುಚ್ಚಳದ ಮೇಲೆ ಗೀರು ಹಾಕಿ ಗುರುತು ಮಾಡ್ಕೊಳ್ಳಿ. ಬ್ರಷ್ ಹೊಸದರ ಅರ್ಧಕ್ಕಿಂತ ಚಿಕ್ಕದಾಗಿದ್ರೆ ನಾಲ್ಕೂ ಬದಲಾಯಿಸಿ. ಕಮ್ಯುಟೇಟರ್ ಬರೀ ಕಪ್ಪಾಗಿದ್ರೆ ನಯವಾದ ಮರಳು ಕಾಗದದಿಂದ ಉಜ್ಜಿ. ಎಮರಿ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ತೊಂದರೆ ಕೊಡುತ್ತೆ. ತಾಮ್ರದ ಪಟ್ಟಿಗಳ ನಡುವಿನ ಮೈಕಾ (ಕರೆಂಟ್ ಹರಿಯದ ಪದರ) ತಗ್ಗಲ್ಲಿ ಇರಬೇಕು, ಅರ್ಧ ಮಿ.ಮೀ. ಇದ್ರೆ ಉತ್ತಮ. 0.2ಕ್ಕಿಂತ ಕಮ್ಮಿ ಆಗಿದ್ರೆ ಮುರಿದ ಹ್ಯಾಕ್ಸಾ ಬ್ಲೇಡ್‌ನಿಂದ ಕೆರೆದು ತಗ್ಗು ಮಾಡಬೇಕು. ಮೈಕಾ ಮೇಲೆದ್ರೆ ಹೊಸ ಬ್ರಷ್ ಕೂಡ ತಾಮ್ರ ಮುಟ್ಟದೆ ಕುಣಿಯುತ್ತೆ.

ಆರ್ಮೇಚರ್ ಮೈ ಒಂದು ಕಡೆ ಉಜ್ಜಿ ಹೊಳೀತಿದೆಯಾ ನೋಡಿ. ಹೊಳೆದ್ರೆ ಬುಷ್ (ಶಾಫ್ಟ್ ತಿರುಗೋ ಬಳೆ) ಸವೆದು ಆರ್ಮೇಚರ್ ಮ್ಯಾಗ್ನೆಟ್‌ಗೆ ತಾಗ್ತಿದೆ. ಹೊಸ ಕಂಚಿನ ಬುಷ್ ಹಾಕೋದಾದ್ರೆ ಎಂಜಿನ್ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟು ಹಾಕಿ, ಅದರ ಸೂಕ್ಷ್ಮ ರಂಧ್ರ ಎಣ್ಣೆ ಕುಡೀಬೇಕು. ಆರ್ಮೇಚರ್ ಸುಟ್ಟ ವಾಸನೆ ಬಂದ್ರೆ, ವೈಂಡಿಂಗ್ ಕಪ್ಪಾಗಿದ್ರೆ ಆಗ ಮಾತ್ರ ಹೊಸ ಸ್ಟಾರ್ಟರ್.

ಕಳಸ_ರಸ್ತೆ
ಬೆಂಡಿಕ್ಸ್ ಪಿನಿಯನ್ (ಅದರ ತುದಿಯ ಸಣ್ಣ ಹಲ್ಲುಚಕ್ರ) ಕೈಯಲ್ಲಿ ತಿರುಗಿಸಿ. ಒಂದು ಕಡೆ ಸಲೀಸಾಗಿ ಸುತ್ತಬೇಕು, ಇನ್ನೊಂದು ಕಡೆ ಬಿಗಿಯಾಗಿ ಹಿಡೀಬೇಕು. ಪೆಟ್ರೋಲ್, ಸೀಮೆಎಣ್ಣೇಲಿ ಅದ್ದಿ ತೊಳೀಬೇಡಿ, ಒಳಗಿನ ಒನ್‌ವೇ ಕ್ಲಚ್‌ನ ಗ್ರೀಸ್ ತೊಳೆದುಹೋಗುತ್ತೆ, ತಿಂಗಳೊಳಗೆ ಜಾರೋಕೆ ಶುರು. ಒಣ ಬಟ್ಟೇಲಿ ಒರೆಸಿ. ಶಾಫ್ಟಿಗೆ ಗ್ರೀಸ್ ತೆಳುವಾಗಿ ಸವರಿ. ಜಾಸ್ತಿ ಮೆತ್ತಿದ್ರೆ ಕ್ಲಚ್ ಪುಡಿ ಅಂಟಿ ಪಿನಿಯನ್ ಹಿಂದಕ್ಕೆ ಬರದೆ ಸಿಕ್ಕಿಕೊಳ್ಳುತ್ತೆ.

ಬಿಎಂರೋಡ್_ವೈರಿಂಗ್
ಗಾಡಿಗೆ ಕೂರಿಸೋ ಮುಂಚೆ ನೆಲದ ಮೇಲೇ ಪರೀಕ್ಷೆ ಮಾಡಿ. ಎಂ ಟರ್ಮಿನಲ್‌ನಿಂದ ಮೋಟಾರ್ ತಂತಿ ಬಿಚ್ಚಿಡಿ. ಬ್ಯಾಟರಿ ಪಾಸಿಟಿವ್ ಎಸ್‌ಗೆ, ನೆಗೆಟಿವ್ ಸ್ಟಾರ್ಟರ್ ಮೈಗೂ ಎಂ ಬೋಲ್ಟಿಗೂ ಕೊಡಿ. ಪಿನಿಯನ್ ಟಪ್ ಅಂತ ಮುಂದೆ ಬರಬೇಕು. ಈಗ ಎಂ ಮೇಲಿಂದ ನೆಗೆಟಿವ್ ತೆಗೀರಿ, ಪಿನಿಯನ್ ಮುಂದೇ ನಿಲ್ಲಬೇಕು. ಮೈಯಿಂದಲೂ ತೆಗೀರಿ, ಹಿಂದಕ್ಕೆ ಹೋಗಬೇಕು. ಮೂರೂ ಸರಿ ಇದ್ರೆ ಸೊಲೆನಾಯ್ಡ್ ಗಟ್ಟಿ. ಪ್ರತಿ ಸಲ 3ರಿಂದ 5 ಸೆಕೆಂಡ್ ಮೀರಬಾರದು, ಕಾಯಿಲ್ ಸುಡುತ್ತೆ.

ಆಮೇಲೆ ಮೋಟಾರ್ ತಂತಿ ಎಂಗೆ ಮತ್ತೆ ಹಾಕಿ. ಜಂಪರ್ ಕೇಬಲ್‌ನಲ್ಲಿ ಪಾಸಿಟಿವ್ ಬಿಗೆ, ನೆಗೆಟಿವ್ ಮೈಗೆ ಕೊಟ್ಟು, ಒಂದು ಸಣ್ಣ ವೈರ್‌ನಲ್ಲಿ ಬಿಯಿಂದ ಎಸ್‌ಗೆ ಮುಟ್ಟಿಸಿ ಓಡಿಸಿ. ಸ್ಟಾರ್ಟರನ್ನ ವೈಸ್‌ನಲ್ಲಿ (ಬೆಂಚಿನ ಮೇಲಿನ ಹಿಡಿಕೆ ಇಕ್ಕಳ) ಕಚ್ಚಿಸಿರಬೇಕು. ಕೈಯಲ್ಲಿ ಹಿಡಿದ್ರೆ ಮಣಿಕಟ್ಟು ತಿರುಚಿಬಿಡುತ್ತೆ.

ಘಾಟಿ_ಡೀಸೆಲ್
ವಿಷಯ ಬಿಟ್ಟು ಒಂದು ಮಾತು. ಹಳೇ ವಿಲ್ಲೀಸ್ ಜೀಪು, ಅಂಬಾಸಿಡರ್‌ಗೆ ಮುಂದೆ ಎಂಜಿನ್ ಕೈಯಲ್ಲಿ ತಿರುಗಿಸೋ ಹ್ಯಾಂಡಲ್ ಹಾಕೋ ತೂತು ಇರ್ತಿತ್ತು. ಈ ಗೋಳೇ ಇರ್ಲಿಲ್ಲ.

ಹಳೇಬೀಡು_ಗ್ಯಾರೇಜ್
ಅದರ ಗೋಳು ಬೇರೆ. ಎಂಜಿನ್ ಹಿಂದಕ್ಕೆ ಒದ್ರೆ ಹ್ಯಾಂಡಲ್ ಕೈ ಮುರೀತಿತ್ತು. ಅದಕ್ಕೇ ಹೆಬ್ಬೆರಳನ್ನ ಹಿಡಿಕೆಗೆ ಸುತ್ತದೆ ಉಳಿದ ಬೆರಳಿನ ಕಡೆಗೇ ಇಡಬೇಕು, ಯಾವಾಗಲೂ ಕೆಳಗಿಂದ ಮೇಲಕ್ಕೆ ಎಳೀಬೇಕು. ಅಮೆರಿಕದ ಎಂಜಿನಿಯರ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ಗೆ ಬಂದ ಮೇಲೆ ಹ್ಯಾಂಡಲ್ ನಿಧಾನಕ್ಕೆ ಮರೆಯಾಗಿದ್ದು ಸುಮ್ಮನೆ ಅಲ್ಲ. ಈಗಲೂ ಹ್ಯಾಂಡಲ್ ಇರೋ ಜೀಪು ಓಡಿಸೋರು ಇದನ್ನ ಮಕ್ಕಳಿಗೆ ಹೇಳಿಕೊಡಿ.

ಆಲ್ದೂರು_ಹ್ಯಾಚ್
ಎರಡು ಬ್ರಷ್ ಪೂರ್ತಿ ಸವೆದು ಸ್ಪ್ರಿಂಗ್ ಹೋಲ್ಡರ್‌ಗೆ ತಾಗಿ ನಿಂತಿತ್ತು. ಸೆಟ್ ಹಾಕಿದೆ, ಮೈಕಾ ಕೆರೆದೆ, ನೆಲದ ಮೇಲಿನ ಪರೀಕ್ಷೆ ಪಾಸು, ಗಾಡಿಗೆ ಕೂರಿಸಿದೆ. ಎಂಜಿನ್ ತಿರುಗುತ್ತೆ, ಆದ್ರೆ ಸ್ವಲ್ಪ ಭಾರವಾಗಿ. ತಿರುಗುವಾಗ ಬ್ಯಾಟರಿ 10.6, ಪಾಸಿಟಿವ್ ಕಡೆ 0.2, ನೆಗೆಟಿವ್ ಕಡೆ 0.7.

ಬಿಎಂರೋಡ್_ವೈರಿಂಗ್
ಅಡಗಿದ್ದ ಅರ್ತ್ ಈಗ ಸಿಕ್ಕಿಬಿತ್ತು. ಈಗ ಭಾಗ ಮಾಡಿ ಅಳೀರಿ: ನೆಗೆಟಿವ್ ಧ್ರುವದಿಂದ ಕ್ಲಾಂಪಿಗೆ, ಕ್ಲಾಂಪಿಂದ ಬಾಡಿಗೆ, ಬಾಡಿಯಿಂದ ಗೇರ್‌ಬಾಕ್ಸಿಗೆ, ಗೇರ್‌ಬಾಕ್ಸಿಂದ ಸ್ಟಾರ್ಟರ್ ಮೈಗೆ. 0.7ರಲ್ಲಿ ದೊಡ್ಡ ಪಾಲು ಎಲ್ಲಿ ಬರುತ್ತೋ ಅದೇ ಕಳ್ಳ.

ಆಲ್ದೂರು_ಹ್ಯಾಚ್
ಬಾಡಿಯಿಂದ ಗೇರ್‌ಬಾಕ್ಸಿಗೆ 0.55.

ಅಳತೆ_ಮೊದಲು
ಹೆಣೆದ ಪಟ್ಟಿ ಅಥವಾ ಕಪ್ಪು ಕೇಬಲ್ ಇರುತ್ತೆ ಅಲ್ಲಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೇರ್‌ಬಾಕ್ಸ್ ಮೇಲೆ ಕೆಸರು ಒಣಗೋದೇ ಇಲ್ಲ, ಪಟ್ಟಿ ಒಳಗಿನ ಎಳೆಗಳಿಗೆ ಹಸಿರು ಕಿಲುಬು ಹಿಡಿಯುತ್ತೆ. ಮೇಲೆ ಉಜ್ಜಿದ್ರೆ ಒಳಗಿನ ಕಿಲುಬು ಹೋಗಲ್ಲ. ಹೊಸದೇ ಹಾಕಿ: 25 ಚದರ ಮಿ.ಮೀ. ತಾಮ್ರದ ಕೇಬಲ್, ಎರಡೂ ತುದಿಗೆ ಒತ್ತಿ ಕೂರಿಸಿದ ತಾಮ್ರದ ಲಗ್ (ಬೋಲ್ಟಿಗೆ ಸಿಕ್ಕಿಸೋ ತುದಿ). ಎಂಜಿನ್ ಅಲುಗಾಡೋದಕ್ಕೆ ಸ್ವಲ್ಪ ಸಡಿಲ ಬಿಡಿ. ಬೋಲ್ಟ್ ಕೂರೋ ಜಾಗದ ಪೇಂಟ್ ಪೂರ್ತಿ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಬಳೀರಿ. ಬ್ಯಾಟರಿ ಧ್ರುವದ ಬಿಳಿ ಪುಡಿಗೆ ಬಿಸಿನೀರಲ್ಲಿ ಅಡುಗೆ ಸೋಡಾ ಕಲಸಿ ತೊಳೀರಿ. ಬ್ಯಾಟರಿ ತೂತಿನೊಳಗೆ ಸೋಡಾ ನೀರು ಹೋಗಬಾರದು.

ಆಲ್ದೂರು_ಹ್ಯಾಚ್
ಹಾಕಿದೆ. ನೆಗೆಟಿವ್ ಕಡೆ ಒಟ್ಟು 0.15. ಸೆಲ್ಫ್ ಹೊಡೆದ ತಕ್ಷಣ ಹಿಡೀತಿದೆ. ಎಲ್ರಿಗೂ ತುಂಬಾ ಧನ್ಯವಾದ.

ಎಸ್ಟೇಟ್_ಪಿಕಪ್
ಇದೇ ದಾರೀಲಿ ಒಂದು ಪ್ರಶ್ನೆ. ನಾಲ್ಕು ಸಿಲಿಂಡರ್ ಡೀಸೆಲ್ ಪಿಕಪ್. ಹೊಸ ಸ್ಟಾರ್ಟರ್ ಹಾಕಿಸಿದ ಮೇಲೂ ಒಮ್ಮೊಮ್ಮೆ "ಕರ್ರ್" ಅಂತ ಉಜ್ಜುತ್ತೆ, ಒಮ್ಮೊಮ್ಮೆ ಸಲೀಸು. ಸ್ಟಾರ್ಟರ್ ವಾಪಸ್ ಕೊಡಲಾ?

ಹಳೇಬೀಡು_ಗ್ಯಾರೇಜ್
ಮೊದಲು ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ) ಅಂಚಿನ ರಿಂಗ್ ಗೇರ್ ಹಲ್ಲು ನೋಡಿ, ಪಿನಿಯನ್ ಕಚ್ಚೋದು ಅದಕ್ಕೇ. ಆಫ್ ಮಾಡಿದಾಗ ಎಂಜಿನ್ ಕಂಪ್ರೆಷನ್ (ಸಿಲಿಂಡರ್ ಗಾಳಿ ಒತ್ತೋ ಹಂತ) ಎದುರಿಗೆ ಬಂದು ನಿಲ್ಲುತ್ತೆ. ನಾಲ್ಕು ಸಿಲಿಂಡರ್ ಆದ್ರೆ ಫ್ಲೈವೀಲ್‌ನ ಎದುರುಬದುರು ಎರಡು ಜಾಗದಲ್ಲಿ, ಮೂರು ಸಿಲಿಂಡರ್ ಆದ್ರೆ ಮೂರು ಜಾಗದಲ್ಲಿ. ಪಿನಿಯನ್ ಯಾವಾಗಲೂ ಅಲ್ಲೇ ಕಚ್ಚೋದರಿಂದ ಅಲ್ಲಿನ ಹಲ್ಲೇ ಸವೆಯುತ್ತೆ. ಶಬ್ದ ಬಂದಾಗ ಕೀ ಆಫ್ ಮಾಡಿ, ನಾಲ್ಕನೇ ಗೇರ್ ಹಾಕಿ ಗಾಡೀನ ಒಂದಡಿ ತಳ್ಳಿ, ನ್ಯೂಟ್ರಲ್ ಮಾಡಿ ಮತ್ತೆ ಹೊಡೀರಿ. ಪ್ರತಿ ಸಲ ಹೀಗೆ ಮಾಡಿದಾಗ ಸಲೀಸಾದ್ರೆ ದೋಷ ರಿಂಗ್ ಗೇರ್‌ದು. ಸ್ಟಾರ್ಟರ್ ಬಿಚ್ಚಿ ಆ ತೂತಲ್ಲಿ ಟಾರ್ಚ್ ಬಿಟ್ಟು, ಕ್ರ್ಯಾಂಕ್ ಪುಲ್ಲಿ ತಿರುಗಿಸ್ತಾ ಒಂದು ಸುತ್ತಿನ ಹಲ್ಲೂ ನೋಡಬಹುದು.

ಎಸ್ಟೇಟ್_ಪಿಕಪ್
ಸವೆದಿದ್ರೆ ಮನೇಲಿ ಆಗುತ್ತಾ?

ಹಳೇಬೀಡು_ಗ್ಯಾರೇಜ್
ಇಲ್ಲ. ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ರಿಂಗನ್ನ ಬಿಸಿ ಮಾಡಿ ಹಿಗ್ಗಿಸಿ ಫ್ಲೈವೀಲ್ ಮೇಲೆ ಕೂರಿಸಬೇಕು. ಜಾಸ್ತಿ ಕಾಯಿಸಿದ್ರೆ ಹಲ್ಲಿನ ಗಡಸು ಹೋಗುತ್ತೆ. ಅದು ಲೇತ್ ಇರೋ ವರ್ಕ್‌ಶಾಪ್ ಕೆಲಸ. ಗೇರ್‌ಬಾಕ್ಸ್ ಹೇಗೂ ಇಳಿಯುತ್ತಲ್ಲ, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲ್ ಮೂರನ್ನೂ ಆಗಲೇ ನೋಡಿಸಿ.